ವಾರಾಂತ್ಯದ ಕೈಕೆಲಸ: ಗೊಂಬೆ ಮೆಟ್ಟಿಲು, ಗರಗಸ ಮತ್ತು ನಾವು

ಸೆಪ್ಟೆಂಬರ್ ತಿಂಗಳ ಎರಡನೆಯ ಶನಿವಾರ ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಚೀಟಿಯಲ್ಲಿ ಹನ್ನೊಂದು ಕೆಲಸಗಳಿದ್ದವು. ಮಗಳನ್ನು ಕನ್ನಡ ತರಗತಿಗೆ ಬಿಟ್ಟು ಬರುವುದು, ಗ್ರಂಥಾಲಯದ ಪುಸ್ತಕಗಳನ್ನು ಹಿಂದಿರುಗಿಸುವುದು, ಕಾರಿನ ಆಯಿಲ್ ಬದಲಾಯಿಸಿಕೊಂಡು ಬರುವುದು, ಅಂಗಡಿಯಿಂದ ತೆಂಗಿನಕಾಯಿ, ಕರಿಬೇವು, ಸೋನಾ ಮಸೂರಿ ಅಕ್ಕಿಯ ಮೂಟೆ ತರುವುದು, ಹುಲ್ಲು ಕತ್ತರಿಸುವುದು, ಬೋಳಾದ ಕಡೆಗಳಲ್ಲಿ ಹುಲ್ಲಿನ ಬೀಜ ಚೆಲ್ಲುವುದು, ಬೇಲಿಯಂಚಿನ ಕಳೆ ಕೀಳುವುದು ಇತ್ಯಾದಿ. ಎಲ್ಲಕ್ಕಿಂತ ಕೆಳಗೆ ಮಗಳ ದುಂಡಗಿನ ಅಕ್ಷರಗಳಲ್ಲಿ ಎರಡೇ ಪದಗಳಿದ್ದವು: ಗೊಂಬೆ ಮೆಟ್ಟಿಲು.

ಮೊದಲ ನಾಲ್ಕೈದು ಕೆಲಸಗಳ ವಿಷಯದಲ್ಲಿ ಬರೆಯುವಂಥದ್ದೇನೂ ಇಲ್ಲ. ಆಶ್‌ಬರ್ನಿನಲ್ಲಾಗಲಿ, ಅಟ್ಲಾಂಟಾದಲ್ಲಾಗಲಿ, ಷಾರ್ಲಟ್ಟಿನಲ್ಲಾಗಲಿ ನಮ್ಮ ಸದಸ್ಯ ಕುಟುಂಬಗಳ ಶನಿವಾರಗಳು ಅವುಗಳಲ್ಲಿಯೇ ಕರಗಿಹೋಗುತ್ತವೆ. ನಾವು ಬರೆಯಹೊರಟಿರುವುದು ಉಳಿದವುಗಳನ್ನು ಕುರಿತು, ಎಂದರೆ ಕೈಯಲ್ಲಿ ಉಪಕರಣ ಹಿಡಿದು ಮಾಡುವ ಕೆಲಸಗಳನ್ನು ಕುರಿತು. ಸಂಘದ ಆರೋಗ್ಯ ಶಿಬಿರಗಳಲ್ಲಿ ನಾವು ಸ್ವಯಂಸೇವಕ ವೈದ್ಯರಾಗಿ ಕುಳಿತುಕೊಳ್ಳುತ್ತೇವೆ. ಜನರು ಬರುವುದು ರಕ್ತದೊತ್ತಡ, ಸಕ್ಕರೆಯ ಪರೀಕ್ಷೆಗೆಂದು. ಪರೀಕ್ಷೆ ಮುಗಿದು ಏಳುವ ಹೊತ್ತಿಗೆ, 'ಡಾಕ್ಟರೇ, ಇದೊಂದು ನೋಡಿಬಿಡಿ' ಎಂದು ಪ್ಯಾಂಟಿನ ಕಾಲನ್ನು ಮೇಲಕ್ಕೆತ್ತುತ್ತಾರೆ, ಇಲ್ಲವೇ ಬ್ಯಾಂಡೇಜು ಸುತ್ತಿದ ಬೆರಳನ್ನು ಮುಂದೆ ಚಾಚುತ್ತಾರೆ. ಮೊಣಕಾಲ ಹಿಂದಿನ ಕೆಂಪು ವರ್ತುಲ, ಏಣಿಯಿಂದ ಜಾರಿ ಊದಿದ ಮಣಿಕಟ್ಟು, ಅರ್ಧ ಉಗುರು ಹಾರಿದ ಹೆಬ್ಬೆರಳು. ಹೇಗಾಯಿತು ಎಂದರೆ ಉತ್ತರ ಯಾವಾಗಲೂ ಒಂದೇ: 'ಏನೂ ಇಲ್ಲ, ವೀಕೆಂಡಿನಲ್ಲಿ ಮನೆ ಹತ್ತಿರ ಏನೋ ಸಣ್ಣ ಕೆಲಸ.'

ಈ 'ಸಣ್ಣ ಕೆಲಸ' ಎಂಬ ಮಾತನ್ನು ಕೇಳಿದಾಗಲೆಲ್ಲ ನಮಗೆ ನಮ್ಮ ಊರು ನೆನಪಾಗುತ್ತದೆ.

ಎರಡು ವರ್ಷಗಳ ಹಿಂದೆ ನಮ್ಮ ತಂದೆಯವರು ಬೇಸಿಗೆಗೆ ಇಲ್ಲಿಗೆ ಬಂದಿದ್ದರು. ನಾವು ಬೆವರು ಸುರಿಸುತ್ತ ಹುಲ್ಲು ಕತ್ತರಿಸುವ ಯಂತ್ರವನ್ನು ತಳ್ಳುತ್ತಿದ್ದರೆ ಅವರು ಹಿತ್ತಿಲ ಜಗಲಿಯಲ್ಲಿ ಕುಳಿತು ನೋಡುತ್ತಿದ್ದರು. ಯಂತ್ರ ನಿಂತ ಮೇಲೆ ಕೇಳಿದರು: 'ಅಲ್ವೋ, ಇಷ್ಟು ಓದಿ ಇಲ್ಲಿಗೆ ಬಂದು ಹುಲ್ಲು ಕೊಯ್ಯೋದೇನೋ? ಒಬ್ಬ ಆಳು ಸಿಗಲ್ವಾ?' ಮಗನ ಮೇಲಿನ ಕನಿಕರದಿಂದ ಬಂದ ಮಾತದು. ಆಳಿನ ಕೂಲಿ ಇಲ್ಲಿ ಎಷ್ಟೆಂದು ಡಾಲರಿನಿಂದ ರೂಪಾಯಿಗೆ ಗುಣಿಸಿ ಹೇಳಿದೆವು. ಅವರು ಗಾಬರಿಯಾಗಿ ಸುಮ್ಮನಾದರು. ಎಲ್ಲರೂ ನಕ್ಕೆವು. ಆದರೆ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ, ಏಕೆಂದರೆ ಅದು ಅವರೊಬ್ಬರ ಪ್ರಶ್ನೆಯಾಗಿರಲಿಲ್ಲ. ಹುಲ್ಲು ಕೊಯ್ಯುವ ಕೈ ಬೇರೆ, ಪುಸ್ತಕ ಹಿಡಿಯುವ ಕೈ ಬೇರೆ ಎಂಬ ಲೆಕ್ಕದಲ್ಲಿಯೇ ನಾವು ಬೆಳೆದದ್ದು.

ಹೊಳೆನರಸೀಪುರದ ನಮ್ಮ ಮನೆಯಲ್ಲಿ ಏಳು ಹಂತದ ಗೊಂಬೆ ಮೆಟ್ಟಿಲು ಇತ್ತು. ಊರಿನ ಆಚಾರ್ರು ಅದನ್ನು ಹಲಸಿನ ಹಲಗೆಯಲ್ಲಿ ಮಾಡಿಕೊಟ್ಟಿದ್ದರು. ಒಂದು ಮೊಳೆಯೂ ಇರಲಿಲ್ಲ. ಒಂದು ಹಲಗೆಯ ತುದಿ ಇನ್ನೊಂದರ ಕಚ್ಚಿನೊಳಗೆ ಕುಳಿತು ಬಿಗಿಯಾಗುತ್ತಿತ್ತು. ವಿಜಯದಶಮಿ ಕಳೆದ ಮೇಲೆ ಕೊಡತಿಯಿಂದ ನಾಲ್ಕು ಏಟು ಕೊಟ್ಟರೆ ಅಷ್ಟೂ ಬಿಡಿಬಿಡಿಯಾಗಿ ಅಟ್ಟ ಸೇರುತ್ತಿತ್ತು. ಯಾವ ಹಲಗೆ ಯಾವುದಕ್ಕೆ ಎಂದು ತಿಳಿಯಲು ಹಿಂಭಾಗದಲ್ಲಿ ಉಳಿಯಿಂದ ಕೊರೆದ ಗೀಟುಗಳಿದ್ದವು. ಒಂದು ಗೀಟಿಗೆ ಒಂದು ಗೀಟು, ಎರಡಕ್ಕೆ ಎರಡು. ಮೂವತ್ತು ವರ್ಷ ಅದು ಅಲುಗಾಡಲಿಲ್ಲ.

ಆಚಾರ್ರು ಕೆಲಸಕ್ಕೆ ಬಂದ ದಿನಗಳಲ್ಲಿ ಜಗಲಿಯ ಮೇಲೆ ಅವರಿಗೆ ಕಾಫಿ ಸಿಗುತ್ತಿತ್ತು. ಅದಕ್ಕೊಂದು ಬೇರೆಯ ಲೋಟವಿತ್ತು. ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಗೂಡಿನಲ್ಲಿ ಬೋರಲಾಗಿ ಇರುತ್ತಿತ್ತು. ಕುಡಿದ ಮೇಲೆ ಅವರೇ ತೊಳೆದು ಅಲ್ಲಿಯೇ ಬೋರಲು ಹಾಕುತ್ತಿದ್ದರು. ಅವರು ಕೊರೆದ ಮೆಟ್ಟಿಲ ಮೇಲೆ ಪಟ್ಟದ ಗೊಂಬೆಗಳು ಕೂರುತ್ತಿದ್ದವು, ಆರತಿಯಾಗುತ್ತಿತ್ತು. ಲೋಟ ಮಾತ್ರ ಗೂಡಿನಲ್ಲಿಯೇ ಇತ್ತು. ನಾವು ಮಕ್ಕಳು ಇದನ್ನು ಪ್ರತಿದಿನ ನೋಡಿದೆವು, ಒಂದು ದಿನವೂ ಕೇಳಲಿಲ್ಲ. ಆಚಾರ್ರ 'ಕೈಚಳಕ'ವನ್ನು ಎಲ್ಲರೂ ಹೊಗಳುತ್ತಿದ್ದರು. ಅದನ್ನು 'ವಿದ್ಯೆ' ಎಂದು ಯಾರೂ ಕರೆಯುತ್ತಿರಲಿಲ್ಲ. ವಿದ್ಯೆ ಎಂದರೆ ಪರೀಕ್ಷೆ ಪಾಸಾಗುವುದು. ಕೈಕೆಲಸ ಎಂದರೆ ಯಾರಾದರೂ ಮಾಡಬಹುದಾದದ್ದು, ಆದ್ದರಿಂದ ನಾವು ಮಾಡಬೇಕಾಗಿಲ್ಲದ್ದು.

ಸಮುದ್ರ ದಾಟಿದ ಮೇಲೆ ಈ ಮಾತಿನ ಎರಡನೆಯ ಅರ್ಧ ಕಳಚಿಬಿದ್ದಿದೆ. ಈಗ ನಾವೇ ಮಾಡುತ್ತೇವೆ, ಹೆಮ್ಮೆಯಿಂದ ಫೋಟೋ ಹಾಕುತ್ತೇವೆ. ಮೊದಲನೆಯ ಅರ್ಧ ಹಾಗೆಯೇ ಉಳಿದಿದೆ. ಯಾರಾದರೂ ಮಾಡಬಹುದು ಎಂಬ ನಂಬಿಕೆಯಿಂದಲೇ ಹತ್ತು ನಿಮಿಷದ ವಿಡಿಯೋ ನೋಡಿ ನಾವು ಗರಗಸದ ಸ್ವಿಚ್ಚು ಒತ್ತುತ್ತೇವೆ. ಶಿಬಿರದಲ್ಲಿ ನಾವು ಕಾಣುವ ಗಾಯಗಳಲ್ಲಿ ಬಹುಪಾಲು ಈ ನಂಬಿಕೆಯ ಗಾಯಗಳು ಎಂಬುದು ನಮ್ಮ ಅಭಿಪ್ರಾಯ. ಆಚಾರ್ರ ಲೋಟವನ್ನು ಬೇರೆ ಇಟ್ಟ ಮನಸ್ಸೂ, ಸುರಕ್ಷತೆಯ ಕವಚವನ್ನು ಬಿಚ್ಚಿಟ್ಟು ಮರ ಸೀಳುವ ಮನಸ್ಸೂ ಒಂದೇ ಬೇರಿನವು.

ನಮ್ಮದೇ ವೃತ್ತಿಯನ್ನು ನೋಡಿ. ಎಂಬಿಬಿಎಸ್ ಮುಗಿಸಿ ಹೌಸ್ ಸರ್ಜನ್ ಆಗಿದ್ದಾಗ ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ನಮಗೆ ಸಿಕ್ಕ ಮೊದಲ ಕೆಲಸ ರಿಟ್ರ್ಯಾಕ್ಟರ್ ಹಿಡಿದು ನಿಲ್ಲುವುದು. ಗಂಟೆಗಟ್ಟಲೆ, ವಾರಗಟ್ಟಲೆ. ಗಂಟು ಹಾಕುವುದನ್ನು ಹಾಸ್ಟೆಲಿನ ಮಂಚದ ಕಾಲಿಗೆ ದಾರ ಕಟ್ಟಿ ಕಲಿತೆವು. ನಾವು ಹಾಕಿದ ಮೊದಲ ಹೊಲಿಗೆಯನ್ನು ಹಿರಿಯರು ಮಾತಿಲ್ಲದೆ ಬಿಚ್ಚಿ ಮತ್ತೆ ಹಾಕಿದರು. ಮನುಷ್ಯನ ಚರ್ಮವನ್ನು ಮುಟ್ಟಲು ಇಷ್ಟೆಲ್ಲ ಸಿದ್ಧತೆ ಬೇಕೆಂದು ಒಪ್ಪುವ ನಾವು, ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು ತಿರುಗುವ ಉಕ್ಕಿನ ಅಲಗಿನ ಮುಂದೆ ಅದೇ ಚರ್ಮವನ್ನು ಇಡಲು ಏನೂ ಸಿದ್ಧತೆ ಬೇಡವೆಂದುಕೊಳ್ಳುತ್ತೇವೆ.

ಈಗ ನಮ್ಮ ತಪ್ಪೊಪ್ಪಿಗೆ. ಬರೆಯುವ ಹಕ್ಕು ನಮಗೆ ಬಂದದ್ದೇ ಅದರಿಂದ.

ಗೊಂಬೆ ಮೆಟ್ಟಿಲಿಗೆ ಐದು ಹಂತ ಸಾಕೆಂದು ತೀರ್ಮಾನಿಸಿದೆವು. ಬೆಸಸಂಖ್ಯೆ ಇರಬೇಕು, ಏಳಕ್ಕೆ ನಮ್ಮ ಬೈಠಕ್‌ಖಾನೆಯಲ್ಲಿ ಜಾಗವಿಲ್ಲ. ಪತ್ನಿ ಚೌಕುಳಿ ಕಾಗದದ ಮೇಲೆ ಅಚ್ಚುಕಟ್ಟಾದ ನಕ್ಷೆ ಬರೆದರು. ಪ್ರತಿ ಹಂತದ ಅಗಲ 12 ಇಂಚು, ಒಟ್ಟು 60 ಇಂಚು. ಹೋಮ್ ಡಿಪೋದಿಂದ 'ಒಂದು ಬೈ ಹನ್ನೆರಡು' ಎಂಬ ಪೈನ್ ಹಲಗೆಗಳನ್ನೂ ಚೌಕಟ್ಟಿಗೆ 'ಟೂ ಬೈ ಫೋರ್'ಗಳನ್ನೂ ತಂದು ಗ್ಯಾರೇಜಿನಲ್ಲಿ ಹರಡಿ ಅಳೆದರೆ ಹಲಗೆಯ ಅಗಲ ಹನ್ನೊಂದೂ ಕಾಲು ಇಂಚು. ಟೂ ಬೈ ಫೋರ್ ನಿಜದಲ್ಲಿ ಒಂದೂವರೆ ಇಂಚಿಗೆ ಮೂರೂವರೆ ಇಂಚು. ಮೋಸವೇನೂ ಅಲ್ಲ. ಹಸಿ ಮರವನ್ನು ಸೀಳಿದಾಗಿನ ಅಳತೆಯ ಹೆಸರು ಉಳಿದುಕೊಂಡಿದೆ. ಒಣಗಿಸಿ, ನಾಲ್ಕೂ ಮೈ ಹತ್ತರಿ ಹೊಡೆದ ಮೇಲೆ ಉಳಿಯುವುದು ಇಷ್ಟು. ಈ ದೇಶದ ಯಾವ ಬಡಗಿಗೂ ಇದು ಮೊದಲ ದಿನದ ಪಾಠ. ಐದು ಹಂತಗಳಿಗೆ ಒಟ್ಟು ಮೂರೂ ಮುಕ್ಕಾಲು ಇಂಚು ಕಡಿಮೆಯಾಯಿತು. ಇಡೀ ನಕ್ಷೆ ಹೊಸದಾಗಿ ಬರೆಯಬೇಕಾಯಿತು. ಇಬ್ಬರು ಪದವೀಧರರು, ಒಬ್ಬರೂ ಮೊದಲೇ ಅಳತೆ ಟೇಪು ಹಿಡಿಯಲಿಲ್ಲ.

ಇದು ನಗುವ ಭಾಗ. ಭಾನುವಾರ ಮಧ್ಯಾಹ್ನದ್ದು ಹಾಗಲ್ಲ. ಒಂದು ಹಲಗೆಯನ್ನು ಉದ್ದಕ್ಕೆ ಸೀಳಬೇಕಾಗಿತ್ತು. ನಮ್ಮ ಟೇಬಲ್ ಗರಗಸದ ಅಲಗಿನ ಹಿಂದೆ ಒಂದು ತೆಳ್ಳನೆಯ ಉಕ್ಕಿನ ಪಟ್ಟಿಯಿರುತ್ತದೆ. ಸೀಳಿದ ಮರ ಮತ್ತೆ ಕೂಡಿಕೊಂಡು ಅಲಗನ್ನು ಹಿಡಿಯದಂತೆ ತಡೆಯುವುದೇ ಅದರ ಕೆಲಸ. ಹಿಂದಿನ ದಿನ ಬೇರೊಂದು ಕೊರೆತಕ್ಕೆ ಅಡ್ಡಿಯಾಯಿತೆಂದು ಅದನ್ನೂ ಮೇಲಿನ ಕವಚವನ್ನೂ ಬಿಚ್ಚಿಟ್ಟಿದ್ದೆವು. ಮತ್ತೆ ಹಾಕಲು ಐದು ನಿಮಿಷ ಬೇಕು. ಮಳೆ ಬರುವಂತಿತ್ತು, ಹುಲ್ಲಿನ ಬೀಜ ಇನ್ನೂ ಚೆಲ್ಲಿರಲಿಲ್ಲ. ಹಲಗೆ ಮುಕ್ಕಾಲು ಸೀಳಿದಾಗ ಅಲಗು ಅದನ್ನು ಹಿಂದಿನಿಂದ ಕಚ್ಚಿ ನಮ್ಮತ್ತ ಎಸೆಯಿತು. ಶಬ್ದ ಕೇಳುವ ಮುಂಚೆ ಹೊಟ್ಟೆಗೆ ಏಟು ಬಿದ್ದಿತ್ತು. ಅಂಗೈಯಗಲ ನೀಲಿಗಟ್ಟಿ ಎರಡು ವಾರ ಉಳಿಯಿತು, ಅಷ್ಟೆ. ಆದರೆ ಹಲಗೆಯ ತುಂಡು ಹೋಗಿ ಬಿದ್ದ ಜಾಗದಲ್ಲಿ, ಒಂದೆರಡು ನಿಮಿಷಗಳ ಮುಂಚೆ, ಮಗಳು ಪೆನ್ಸಿಲು ಹಿಡಿದು ನಿಂತಿದ್ದಳು. ನೀರು ಕುಡಿಯಲು ಒಳಗೆ ಹೋಗಿದ್ದಳು.

ಆ ಸಂಜೆ ಕೆಲಸ ಮುಂದುವರಿಸಲಿಲ್ಲ.

ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಅಂದಾಜಿನಂತೆ ಟೇಬಲ್ ಗರಗಸದ ಗಾಯಗಳಿಂದ ಈ ದೇಶದ ತುರ್ತು ಚಿಕಿತ್ಸಾ ವಿಭಾಗಗಳಿಗೆ ಬರುವವರು ವರ್ಷಕ್ಕೆ ಸುಮಾರು 30,000 ಮಂದಿ. ಅವರಲ್ಲಿ ಸುಮಾರು 4,000 ಮಂದಿ ಬೆರಳನ್ನೋ ಬೆರಳಿನ ಭಾಗವನ್ನೋ ಕಳೆದುಕೊಳ್ಳುತ್ತಾರೆ. ಸ್ಟೀವ್ ಗ್ಯಾಸ್ ಎಂಬುವರು 1999ರ ಸುಮಾರಿಗೆ ಇದಕ್ಕೊಂದು ಉಪಾಯ ಕಂಡುಹಿಡಿದರು. ಅಲಗಿನಲ್ಲಿ ಸಣ್ಣದೊಂದು ವಿದ್ಯುತ್ ಸಂಕೇತ ಹರಿಯುತ್ತಿರುತ್ತದೆ. ಚರ್ಮ ತಾಗಿದೊಡನೆ ಅದು ಬದಲಾಗುತ್ತದೆ, ಒಂದು ಅಲ್ಯುಮಿನಿಯಂ ಅಚ್ಚು ಮೇಲೆದ್ದು ಅಲಗನ್ನು ಕಚ್ಚಿ ಸುಮಾರು 5 ಮಿಲಿಸೆಕೆಂಡುಗಳಲ್ಲಿ ನಿಲ್ಲಿಸುತ್ತದೆ. ಸಾಸೇಜನ್ನು ಬೆರಳಿನಂತೆ ಅಲಗಿಗೆ ತಾಗಿಸಿ ತೋರಿಸುವ ಪ್ರದರ್ಶನವನ್ನು ತಾವು ನೋಡಿರಬಹುದು. ಸಾಸ್ಟಾಪ್ ಎಂಬ ಹೆಸರಿನ ಆ ಗರಗಸ ದುಬಾರಿ. ವರ್ಷಕ್ಕೆ ಎರಡು ಸಲ ಮರ ಸೀಳುವವರಿಗೆ ನಮ್ಮ ಸಲಹೆ ಬೇರೆ: ಟೇಬಲ್ ಗರಗಸವನ್ನೇ ಕೊಳ್ಳಬೇಡಿ. ದೊಡ್ಡ ಅಂಗಡಿಗಳಲ್ಲಿ ಅಳತೆ ಕೊಟ್ಟರೆ ಹಲಗೆಯನ್ನು ಅಡ್ಡಕ್ಕೆ ಕತ್ತರಿಸಿಕೊಡುತ್ತಾರೆ. ಉಳಿದದ್ದಕ್ಕೆ ಕೈಗರಗಸ ಧಾರಾಳ ಸಾಕು. ನಿಧಾನವಾದದ್ದೇ ಅದರ ಗುಣ.

ಆಗಬಾರದ್ದು ಆಗಿಯೇಹೋದರೆ, ತುಂಡಾದ ಬೆರಳನ್ನು ನೇರವಾಗಿ ಮಂಜುಗಡ್ಡೆಯ ಮೇಲೆ ಇಡಬೇಡಿ. ಗಾಬರಿಯಲ್ಲಿ ಎಲ್ಲರೂ ಮಾಡುವ ತಪ್ಪು ಇದೇ. ಮಂಜು ತಾಗಿದ ಅಂಗಾಂಶ ಸಾಯುತ್ತದೆ, ಮರುಜೋಡಣೆಗೆ ಬರುವುದಿಲ್ಲ. ಸ್ವಚ್ಛವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಮುಚ್ಚಿ, ಆ ಚೀಲವನ್ನು ಮಂಜುಗಡ್ಡೆ ಬೆರೆತ ನೀರಿನಲ್ಲಿ ಇಟ್ಟುಕೊಂಡು ಬನ್ನಿ. ಗಾಯವನ್ನು ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿದು ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲೆತ್ತಿರಲಿ, 911ಕ್ಕೆ ಕರೆ ಹೋಗಲಿ. ಇನ್ನು ಟೆಟನಸ್. ಊರಿನಲ್ಲಿ ಮೊಳೆ ಚುಚ್ಚಿದರೂ, ಬೇಲಿ ತರಚಿದರೂ 'ಟಿಟಿ ಇಂಜೆಕ್ಷನ್' ಹಾಕಿಸಿಕೊಂಡು ಬರುತ್ತಿದ್ದ ನಾವು ಇಲ್ಲಿ ಅದನ್ನು ಮರೆತೇಬಿಟ್ಟಿದ್ದೇವೆ. ಹತ್ತು ವರ್ಷಕ್ಕೊಮ್ಮೆ ಬೂಸ್ಟರ್ ಬೇಕು. ಗಾಯ ಆಳವಾಗಿದ್ದು ಮಣ್ಣು ಸೇರಿದ್ದರೆ, ಹಿಂದಿನದಕ್ಕೆ ಐದು ವರ್ಷ ಮೀರಿದ್ದರೂ ಬೇಕು. ಕೊನೆಯದು ಯಾವಾಗ ಹಾಕಿಸಿಕೊಂಡಿರಿ ಎಂದು ಕಳೆದ ಶಿಬಿರದಲ್ಲಿ ಕೇಳಿದರೆ ಒಬ್ಬರು, 'ವೀಸಾಕ್ಕೆ ಮೆಡಿಕಲ್ ಮಾಡಿಸಿದಾಗ' ಎಂದರು. ಅವರ ಮಗ ಈಗ ಕಾಲೇಜಿನಲ್ಲಿದ್ದಾನೆ.

ಗ್ಯಾರೇಜಿನಿಂದ ಹಿತ್ತಿಲಿಗೆ ಬಂದರೆ ಅಪಾಯ ಸದ್ದು ಮಾಡುವುದಿಲ್ಲ. ಉಣ್ಣಿಯ ಹೆಸರು ಕೇಳಿ ಬೆಚ್ಚಲು ಕನ್ನಡಿಗರಿಗೆ ಕಾರಣವಿದೆ. ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವುದು ಅದೇ ಉಣ್ಣಿಯ ಜಾತಿ. ಕಾಡಿಗೆ ಸೊಪ್ಪು ಸೌದೆಗೆ ಹೋಗಿ ಬಂದವರ ಮೈಯನ್ನು ಮಲೆನಾಡಿನ ಮನೆಗಳಲ್ಲಿ ನೋಡುತ್ತಿದ್ದುದನ್ನು ಆ ಕಡೆಯ ಸದಸ್ಯರು ಬಲ್ಲರು. ಇಲ್ಲಿನ ಜಿಂಕೆಯ ಉಣ್ಣಿ ತರುವುದು ಲೈಮ್ ಕಾಯಿಲೆಯನ್ನು. ನಮ್ಮ ಲೌಡನ್ ಕೌಂಟಿಯಲ್ಲಿ ಅದು ಎಷ್ಟು ಹೆಚ್ಚಿತ್ತೆಂದರೆ ಆಡಳಿತ ಮಂಡಲಿಯು 2012ರಲ್ಲಿ ಅದಕ್ಕೆಂದೇ ಒಂದು ಕಾರ್ಯಯೋಜನೆಯನ್ನು ಅಂಗೀಕರಿಸಿತು. ಸಮಾಧಾನದ ಸಂಗತಿಯೆಂದರೆ ಮಂಗನ ಕಾಯಿಲೆ ವೈರಸ್ಸಿನದು, ಇದು ಬ್ಯಾಕ್ಟೀರಿಯದ್ದು. ಡಾಕ್ಸಿಸೈಕ್ಲಿನ್‌ನಂಥ ಔಷಧಗಳಿಗೆ ಬಗ್ಗುತ್ತದೆ. ಉಣ್ಣಿ ಕಚ್ಚಿದ ಕೂಡಲೇ ರೋಗ ದಾಟುವುದೂ ಇಲ್ಲ. ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚು ಕಾಲ ಅದು ಮೈಗೆ ಅಂಟಿಕೊಂಡಿರಬೇಕು. ಆದ್ದರಿಂದ ಕಳೆ ಕಿತ್ತು ಒಳಗೆ ಬಂದೊಡನೆ ಸ್ನಾನ ಮಾಡಿ. ಮೊಣಕಾಲ ಹಿಂಬದಿ, ಕಂಕುಳು, ತೊಡೆಯ ಸಂದು, ಮಕ್ಕಳಾದರೆ ಕಿವಿಯ ಹಿಂದೆ, ಕೂದಲ ನಡುವೆ ನೋಡಿ. ಸಿಕ್ಕಿದರೆ ಸಣ್ಣ ಮೂತಿಯ ಚಿಮಟದಿಂದ ಚರ್ಮಕ್ಕೆ ಹತ್ತಿರವಾಗಿ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಬೇಕು. ಸೀಮೆಎಣ್ಣೆ, ಬೆಂಕಿಕಡ್ಡಿ, ಸುಣ್ಣ ಯಾವುದೂ ಬೇಡ. ಅನಂತರ ಒಂದು ತಿಂಗಳು ಆ ಜಾಗವನ್ನು ಗಮನಿಸಿ. ದಿನೇ ದಿನೇ ಅಗಲವಾಗುವ ಕೆಂಪು ಕಾಣಿಸಿದರೆ, ನಡುವೆ ಗುರಿಹಲಗೆಯಂತೆ ಬಿಳಿ ಇರಲಿ ಇಲ್ಲದಿರಲಿ, ವೈದ್ಯರ ಬಳಿಗೆ ಹೋಗಿ. ನಮ್ಮಂಥ ಕಂದುಬಣ್ಣದ ಚರ್ಮದ ಮೇಲೆ ಆ ಕೆಂಪು ಪುಸ್ತಕದ ಚಿತ್ರದಂತೆ ಕಾಣುವುದಿಲ್ಲ. ನೀಲಿ ಬೆರೆತ ಮಸುಕು ಕಲೆಯಂತೆಯೂ ಇರಬಹುದು. ಇದನ್ನು ವೈದ್ಯರಿಗೆ ನಾವೇ ನೆನಪಿಸಬೇಕಾದ ಸಂದರ್ಭವೂ ಬರುತ್ತದೆ.

ಬೇಲಿಯಂಚಿನಲ್ಲಿ ಮೂರೆಲೆಯ ಬಳ್ಳಿಯೊಂದು ಹಬ್ಬಿರುತ್ತದೆ, ಪಾಯ್ಸನ್ ಐವಿ. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಬಾಯಿ ಸುಟ್ಟುಕೊಂಡವರಿಗೆ, ಚೇರೆ ಮರದ ಬಳಿ ಹೋಗಿ ಮೈಯೆಲ್ಲ ಬೊಕ್ಕೆಯೆದ್ದ ಕರಾವಳಿಯವರಿಗೆ ಇದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಇದು ಅವುಗಳದ್ದೇ ಕುಟುಂಬದ ಗಿಡ. ಎಲೆ ಉದುರಿದ ಮೇಲೂ ಕಾಂಡದಲ್ಲಿ ಆ ಎಣ್ಣೆಯಿರುತ್ತದೆ. ಕಿತ್ತು ಸುಡಬೇಡಿ, ಹೊಗೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಸುಡುವ ಮಾತು ಬಂದದ್ದರಿಂದ ಇನ್ನೊಂದು. ಹಳೆಯ ಡೆಕ್ ಒಡೆದಾಗ ಉಳಿದ ಮರವನ್ನು ಹೋಮಕ್ಕೆಂದು ಎತ್ತಿಟ್ಟುಕೊಂಡವರನ್ನು ನಾವು ನೋಡಿದ್ದೇವೆ. 2003ರ ಕೊನೆಯವರೆಗೆ ಮನೆಬಳಕೆಗೆ ಮಾರಿದ ಅಂಥ ಮರಕ್ಕೆ ಗೆದ್ದಲು, ಕೊಳೆತ ತಡೆಯಲೆಂದು ಆರ್ಸೆನಿಕ್ ಬೆರೆಸಿದ ದ್ರಾವಣವನ್ನು ಒತ್ತಡದಲ್ಲಿ ತುಂಬಿಸುತ್ತಿದ್ದರು. ಈಗಿನದರಲ್ಲಿ ತಾಮ್ರದ ಲವಣಗಳಿವೆ. ಯಾವುದನ್ನೂ ಅಗ್ನಿಗೆ ಅರ್ಪಿಸುವಂತಿಲ್ಲ.

ಏಣಿಯ ವಿಷಯದಲ್ಲಿ ಒಂದೇ ಮಾತು: ನಾಲ್ಕು ಅಡಿ ಎತ್ತರಕ್ಕೆ ಬುಡವನ್ನು ಒಂದು ಅಡಿ ಹೊರಗಿಡಿ, ಒಬ್ಬರೇ ಇರುವಾಗ ಹತ್ತಬೇಡಿ, ಅರವತ್ತು ದಾಟಿದ ಅಪ್ಪ ಅಮ್ಮಂದಿರನ್ನು ಮಳೆನೀರಿನ ದೋಣಿ ತೆಗೆಯಲು ಹತ್ತಿಸಲೇಬೇಡಿ.

ಇಷ್ಟೆಲ್ಲ ಅಪಾಯವಿದ್ದರೆ ಆಳನ್ನೇ ಕರೆಯಬಾರದೇ ಎಂದು ತಾವು ಕೇಳಬಹುದು. ನಮ್ಮ ತಂದೆಯವರ ಪ್ರಶ್ನೆಯೂ ಅದೇ. ಮಾಡಿನ ಕೆಲಸ, ವಿದ್ಯುತ್ತಿನ ಕೆಲಸ, ಎತ್ತರದ ಮರ ಕಡಿಯುವುದು ಇವಕ್ಕೆ ಖಂಡಿತ ಕರೆಯಬೇಕು. ಕರೆದಾಗ ಅವರು ಕೇಳಿದ ದರದಲ್ಲಿ ಚೌಕಾಸಿ ಮಾಡುವ ನಮ್ಮ ಚಪಲವನ್ನು ಸ್ವಲ್ಪ ಹತೋಟಿಯಲ್ಲಿಟ್ಟರೆ ಒಳ್ಳೆಯದು. ಈ ಭಾಗದಲ್ಲಿ ಹುಲ್ಲು ಕತ್ತರಿಸಲು ಬರುವವರಲ್ಲಿ ಎಲ್ ಸಾಲ್ವಡಾರಿನಂಥ ಮಧ್ಯ ಅಮೆರಿಕದ ದೇಶಗಳಿಂದ ಬಂದವರು ಅನೇಕರು. ನಮ್ಮಂತೆಯೇ ಊರು ಬಿಟ್ಟು ಬಂದವರು. ಜುಲೈ ತಿಂಗಳ ಬಿಸಿಲಿನಲ್ಲಿ ಅವರಿಗೆ ಒಂದು ಲೋಟ ತಣ್ಣೀರು ಕೊಡುವಾಗ, ಯಾವ ಲೋಟದಲ್ಲಿ ಕೊಡುತ್ತೇವೆ ಎಂಬುದನ್ನು ನಾವು ನಮ್ಮನ್ನೇ ಕೇಳಿಕೊಂಡಿದ್ದೇವೆ. ಮನೆಯ ಲೋಟದಲ್ಲಿ ಎಂದು ಉತ್ತರಿಸಲು ನಮಗೆ ಮೊದಲ ಕೆಲವು ವರ್ಷ ಆಗುತ್ತಿರಲಿಲ್ಲ. ಬಿಸಾಡುವ ಕಾಗದದ ಲೋಟಗಳು ಅಡುಗೆಮನೆಯಲ್ಲಿ ಕೈಗೆಟಕುವಂತೆ ಇರುತ್ತಿದ್ದವು, ಅವು ಅನುಕೂಲವೆಂದು ಹೇಳಿಕೊಳ್ಳುತ್ತಿದ್ದೆವು.

ನಾವು ಹುಲ್ಲು ಬೆಳೆಸುವ ಈ ನೆಲಕ್ಕೂ ಇಂಥದೇ ನೆನಪಿದೆ. ಆಶ್‌ಬರ್ನಿಗೆ ಹಿಂದೆ ಫಾರ್ಮ್‌ವೆಲ್ ಎಂಬ ಹೆಸರಿತ್ತು. ಇಲ್ಲಿದ್ದ ಒಂದು ದೊಡ್ಡ ತೋಟದ ಹೆಸರದು. ಡೇಟಾ ಸೆಂಟರುಗಳ ಗೋಡೆಗಳನ್ನು ದಾಟಿ ಬೆಲ್ಮಾಂಟ್ ರಿಡ್ಜ್ ರಸ್ತೆಯಲ್ಲಿ 7ನೆಯ ಹೆದ್ದಾರಿಯತ್ತ ಹೋದರೆ, ಮರಗಳ ನಡುವೆ ಬೆಲ್ಮಾಂಟ್ ತೋಟದ ಗುಲಾಮರನ್ನು ಹೂಳಿದ ಸ್ಮಶಾನವಿದೆ. ಇಲ್ಲಿನ ಹೊಲ ಉತ್ತವರು, ಮರ ಸೀಳಿದವರು ಅವರು. ಪಕ್ಕದ ದಾರಿಯಲ್ಲಿ ನಾವು ಎಷ್ಟೋ ವರ್ಷ ಓಡಾಡಿದ ಮೇಲೆ, ಒಂದು ಭಾನುವಾರ ಮಗಳ ಶಾಲೆಯ ಪಾಠದ ಕಾರಣದಿಂದ ಅಲ್ಲಿಗೆ ಹೋದೆವು.

ಮಗಳಿಗೆ ಕೈಕೆಲಸ ಕಲಿಸಬೇಕೆಂದು ನಾವು ಹಟ ಹಿಡಿದಿರುವುದು ಹಣ ಉಳಿಸಲಿಕ್ಕಲ್ಲ. ಲೆಕ್ಕ ಹಾಕಿದರೆ ಆ ಗೊಂಬೆ ಮೆಟ್ಟಿಲಿನ ಬೆಲೆಗೆ ಎರಡು ಕೊಳ್ಳಬಹುದಿತ್ತು. ಒಂದು ಹಲಗೆಯನ್ನು ಚೌಕಾಗಿ ಕತ್ತರಿಸುವುದು ಎಷ್ಟು ಕಷ್ಟವೆಂದು ತಿಳಿದವಳು ಕತ್ತರಿಸುವವರನ್ನು ಮುಂದೆ ಬೇರೆ ರೀತಿ ಕಾಣುತ್ತಾಳೆ ಎಂಬ ಆಸೆಯಿಂದ. ನಮ್ಮ ವಚನಕಾರರಲ್ಲಿ ಬಾಚಿ ಕಾಯಕದ ಬಸವಯ್ಯನಂಥ ಬಡಗಿಯೂ ಇದ್ದ. ಬಸವ ಜಯಂತಿಯಂದು 'ಕಾಯಕವೇ ಕೈಲಾಸ' ಎಂದು ನಾವು ವೇದಿಕೆಯ ಮೇಲೆ ಹೇಳುತ್ತೇವೆ. ಆ ವೇದಿಕೆಯನ್ನು ಕಟ್ಟಿದವರ ಹೆಸರನ್ನು ವಂದನಾರ್ಪಣೆಯಲ್ಲಿ ಹೇಳುತ್ತೇವೆಯೇ? ರಾಜ್ಯೋತ್ಸವದ ಹಿಂದಿನ ರಾತ್ರಿ ಹನ್ನೆರಡರವರೆಗೆ ಪ್ಲೈವುಡ್ಡಿನ ಮಹಾದ್ವಾರಕ್ಕೆ ಸ್ಕ್ರೂ ಹಾಕುವ ಐದಾರು ಮಂದಿ ಎಲ್ಲ ಸಂಘಗಳಲ್ಲಿಯೂ ಇರುತ್ತಾರೆ. ಶಾಲು ಹೊದಿಸಿಕೊಳ್ಳುವವರು ಬೇರೆ. 'ಮತ್ತು ವೇದಿಕೆಯ ಕೆಲಸದಲ್ಲಿ ನೆರವಾದ ಎಲ್ಲರಿಗೂ' ಎಂಬ ಒಂದು ಸಾಲಿನಲ್ಲಿ ಅವರು ಮುಗಿದುಹೋಗುತ್ತಾರೆ.

ಅವರೇ ನಮ್ಮ ಆಚಾರ್ಯರಾಗಲಿ ಎಂಬುದು ನಮ್ಮ ಸೂಚನೆ. ಸಂಘದಲ್ಲಿ ಹಾಡಿಗೆ, ನಾಟಕಕ್ಕೆ, ಕನ್ನಡಕ್ಕೆ ತರಗತಿಗಳಿವೆ. ವರ್ಷಕ್ಕೆ ಎರಡು ಶನಿವಾರ ಯಾರದಾದರೂ ಗ್ಯಾರೇಜಿನಲ್ಲಿ ಉಪಕರಣಗಳ ತರಗತಿ ನಡೆಯಲಿ. ಬಲ್ಲವರು ತೋರಿಸಲಿ, ಹೊಸಬರು ಮೊದಲ ದಿನ ಹಲಗೆ ಹಿಡಿದು ನಿಲ್ಲಲಿ, ನಾವು ರಿಟ್ರ್ಯಾಕ್ಟರ್ ಹಿಡಿದು ನಿಂತಂತೆ. ಹುಡುಗರಷ್ಟೇ ಹುಡುಗಿಯರೂ ಬರಲಿ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೊಡನೆ ನಾವು ಬಂದು ಕೂರುತ್ತೇವೆ, ಪೆಟ್ಟಿಗೆ ತೆರೆಯುವ ಪ್ರಸಂಗ ಬಾರದಿರಲಿ. ಆಯುಧಪೂಜೆಯಂದು ನಮ್ಮ ಗ್ಯಾರೇಜುಗಳಲ್ಲಿ ಕಾರಿಗೆ ಕುಂಕುಮ, ಚಕ್ರಕ್ಕೆ ನಿಂಬೆಹಣ್ಣು, ಲ್ಯಾಪ್‌ಟಾಪಿಗೆ ಹೂವು. ಅದೇ ಗ್ಯಾರೇಜಿನ ಗೋಡೆಯಲ್ಲಿ ನೇತಾಡುವ ಗರಗಸಕ್ಕೆ ಈ ವರ್ಷವಾದರೂ ಒಂದು ಬೊಟ್ಟು ಇಟ್ಟೆವು. ಅದಕ್ಕಿಂತ ಮುಂಚೆ ಬಿಚ್ಚಿಟ್ಟಿದ್ದ ಉಕ್ಕಿನ ಪಟ್ಟಿಯನ್ನೂ ಕವಚವನ್ನೂ ಮರಳಿ ಕೂರಿಸಿದೆವು.

ಗೊಂಬೆ ಮೆಟ್ಟಿಲು ಮುಗಿದದ್ದು ಮುಂದಿನ ಶನಿವಾರ, ಬಹುಪಾಲು ಕೈಗರಗಸದಲ್ಲಿ. ಎರಡನೆಯ ಹಂತ ಸ್ವಲ್ಪ ಎಡಕ್ಕೆ ವಾಲಿದೆ. ಕೆಳಗೆ ಅಕ್ಕಿಯ ಮೂಟೆಯ ರಟ್ಟನ್ನು ಮಡಿಸಿ ಕೊಟ್ಟಿದ್ದೇವೆ, ಮೇಲೆ ಹಾಸಿದ ಬಿಳಿಯ ಪಂಚೆಯಿಂದ ಕಾಣುವುದಿಲ್ಲ. ಫೋಟೋ ತೆಗೆದು ತಂದೆಯವರಿಗೆ ಕಳಿಸಿದೆವು. ಪಂಚೆ ತೆಗೆದು ಇನ್ನೊಂದು ಕಳಿಸು ಎಂದರು, ಏಕೆಂದು ಹೇಳಲಿಲ್ಲ. ಎರಡು ದಿನ ಬಿಟ್ಟು ಕರೆ ಬಂತು. ಆಚಾರ್ರ ಮನೆಗೆ ಹೋಗಿ ಫೋನಿನಲ್ಲಿ ಫೋಟೋ ತೋರಿಸಿದ್ದರಂತೆ. ಆಚಾರ್ರಿಗೆ ಈಗ ಎಂಬತ್ತರ ಹತ್ತಿರ, ಒಂದು ಕಣ್ಣಿನ ಪೊರೆ ತೆಗೆಸಿಕೊಂಡಿದ್ದಾರೆ. ಚಿತ್ರವನ್ನು ದೊಡ್ಡದು ಮಾಡಿಸಿಕೊಂಡು ಬಹಳ ಹೊತ್ತು ನೋಡಿದರಂತೆ. ತಂದೆಯವರು ಅಲ್ಲಿಯೇ ಕಾಫಿ ಕುಡಿದು ಬಂದರಂತೆ.

'ಏನಂದ್ರು?' ಎಂದೆವು.

'ಮೂರನೇ ಮೆಟ್ಟಿಲಲ್ಲಿ ಸ್ಕ್ರೂ ಅಂಚಿಗೆ ತೀರಾ ಹತ್ತಿರ ಹಾಕಿದಾರೆ, ಚಳಿಗೆ 'ಮರ ಸೀಳತ್ತೆ ಅಂದ್ರು. ಮೊದ್ಲು ಸಣ್ಣದಾಗಿ ಬೈರಿಗೆ ಹಾಕ್ಬೇಕು, ಆಮೇಲೆ ತಿರುಪು ಬಿಡ್ಬೇಕು, ಡಾಕ್ಟ್ರಿಗೆ ಹೇಳಿ ಅಂದ್ರು.'

ಈ ಶನಿವಾರದ ಚೀಟಿಯಲ್ಲಿ ಡ್ರಿಲ್ಲಿನ ಸಣ್ಣ ಮೊನೆಗಳನ್ನು ತರುವುದನ್ನು ಮಗಳು ಎಲ್ಲಕ್ಕಿಂತ ಮೇಲೆ ಬರೆದಿದ್ದಾಳೆ.